ನೀಲಿ ಹಗ್ಗದ ಕಟ್ಟು

ಶೆಡ್ಡಿನ ಬಾಗಿಲು ತೆರೆದರೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುವ ಸದ್ದು ತಲೆಯೊಳಗೇ ಬೀಳುತ್ತದೆ, ಮುಚ್ಚಿದರೆ ಪೆಟ್ರೋಲಿನ ವಾಸನೆ. ಸುನ್ನಾ ಅರ್ಧ ತೆರೆದಿಟ್ಟು ಒಳಗೆ ಬಂದಳು. ಮೇ ತಿಂಗಳ ನಡುಭಾಗ. ಹಿಮಸಾರಂಗಗಳು ಮರಿ ಹಾಕಲು ಕರಾವಳಿಯ ಗುಡ್ಡಗಳಿಗೆ ಹೋಗಿಯಾಗಿತ್ತು. ಊರಿನ ಹಿಮಗಾಡಿಗಳು, ಹಿಮದ ಮೇಲೆ ಓಡಿಸುವ ಎಂಜಿನ್ ಬಂಡಿಗಳು, ಒಂದೊಂದಾಗಿ ಅವಳ ಶೆಡ್ಡು ಸೇರಿದ್ದವು. ಹನ್ನೊಂದು ಗಾಡಿಗಳನ್ನು ಬೇಸಿಗೆಯ ನಿದ್ದೆಗೆ ಸಿದ್ಧ ಮಾಡಿ, ಹತ್ತಿಬಟ್ಟೆ ಹೊದಿಸಿ ಗೋಡೆಗುಂಟ ನಿಲ್ಲಿಸಿದ್ದಳು. ಹನ್ನೆರಡನೆಯದು ನಡುವೆ ಒಂಟಿಯಾಗಿ ನಿಂತಿತ್ತು. ಅದು ಮೈದುನ ಕ್ಲೆಮೆತ್‌ನ ಗಾಡಿ. ಅವನದನ್ನು ಯಾವಾಗಲೂ ಕೊನೆಗೇ ಇಟ್ಟುಕೊಳ್ಳುತ್ತಿದ್ದಳು, ತಟ್ಟೆಯಲ್ಲಿ ಇಷ್ಟದ ತುಂಡನ್ನು ಕೊನೆಗೆ ಉಳಿಸಿಕೊಳ್ಳುವವರ ಹಾಗೆ. ಬೆಳಿಗ್ಗೆ ಅವನು ಗಾಡಿ ತಂದು ನಿಲ್ಲಿಸಿದಾಗ ಟೊಪ್ಪಿ ತೆಗೆದು, ಅವಳ ಮುಖ ನೋಡದೆ, "ಸೀಟಿನ ಪೆಟ್ಟಿಗೆ ನಾನೇ ಖಾಲಿ ಮಾಡ್ಕೋತೀನಿ ಅತ್ತಿಗೆ. ಮಧ್ಯಾಹ್ನ ಬರ್ತೀನಿ. ಅದನ್ನೊಂದು ಮುಟ್ಬೇಡಿ" ಎಂದಿದ್ದ. ಪ್ರತಿ ವರ್ಷ ಪೆಟ್ಟಿಗೆಯನ್ನು ಖಾಲಿ ಮಾಡಿ, ಒರೆಸಿಯೇ ತರುತ್ತಿದ್ದವನು ಈ ಸಲ ಏಕೆ ಮರೆತ? ಮರೆತ ಎಂಬ ಪದ ಬಾಯಿಗೆ ಬಂದದ್ದೇ ಅವಳಿಗೆ ಒಳಗೊಳಗೇ ಹಿತವೆನಿಸಿತು. ಆರು ವರ್ಷಗಳಿಂದ ಆ ಪದ ಅವಳ ನಾಲಿಗೆಯ ಕೆಳಗೆ ಕಲ್ಲುಸಕ್ಕರೆಯಂತೆ ಕರಗದೆ ಕುಳಿತಿತ್ತು.

ಅವಳು ಗಾಡಿಯ ಹಿಂಭಾಗವನ್ನು ಸನ್ನೆಕೋಲಿನಿಂದ ಎತ್ತಿ ನಾಲ್ಕು ಕಾಲಿನ ಮರದ ಆಸರೆಯ ಮೇಲೆ ಕೂರಿಸಿದಳು. ರಬ್ಬರಿನ ಪಟ್ಟಿ ನೆಲ ಬಿಟ್ಟು ತೂಗಾಡಬೇಕು, ಇಲ್ಲದಿದ್ದರೆ ಬೇಸಿಗೆಯಿಡೀ ಭಾರ ಹೊತ್ತು ಒಂದೇ ಕಡೆ ಸೊಟ್ಟಗಾಗುತ್ತದೆ. ಪೆಟ್ರೋಲು ಬಸಿದಳು. ಪ್ಲಗ್ಗು ಬಿಚ್ಚಿ, ಆ ತೂತಿನಿಂದ ಎಂಜಿನ್ನಿನ ಹೊಟ್ಟೆಗೆ ಎರಡು ಚಮಚ ಎಣ್ಣೆ ಬಿಟ್ಟು, ಸ್ಟಾರ್ಟಿನ ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದಳು. ಒಳಗೆ ಎಣ್ಣೆ ಹರಡಿಕೊಳ್ಳುವ ಸದ್ದು, ಯಾರೋ ನಿದ್ದೆಯಲ್ಲಿ ಎಂಜಲು ನುಂಗಿದಂತೆ. ಈ ಕೆಲಸ ಅವಳಿಗೆ ಕಲಿಸಿದವನು ಯೊವ್ನಾ, ಅವಳ ಗಂಡ. ಎಡಗೈ ಮನುಷ್ಯ; ಅವನು ಬಿಗಿದ ತಿರುಪನ್ನು ಬೇರೆ ಯಾರಿಗೂ ಸಲೀಸಾಗಿ ಬಿಚ್ಚಲಾಗುತ್ತಿರಲಿಲ್ಲ. "ಗಾಡಿ ಕೆಡೋದು ಓಡೋವಾಗ ಅಲ್ಲ ಸುನ್ನಾ, ನಿಂತಿರೋವಾಗ" ಎನ್ನುತ್ತಿದ್ದ. ನಿಂತಿರುವಾಗ ಏನೇನು ಕೆಡುತ್ತದೆ ಎಂದು ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಅವನ ನಂತರದ ಆರು ವರ್ಷ ಅವಳು ನಿಂತೇ ಇದ್ದಳು.

ಕಳೆದ ಗುರುವಾರ ಅಂಗಡಿಯಲ್ಲಿ ನೆರೆಯ ಇಂಗಾ ಆ ಮಾತು ಹೇಳದಿದ್ದರೆ ಈ ವರ್ಷವೂ ಎಲ್ಲ ವರ್ಷಗಳ ಹಾಗೆ ಕಳೆದುಹೋಗುತ್ತಿತ್ತೋ ಏನೋ. ಇಂಗಾ ಕೆಟ್ಟವಳಲ್ಲ. ಯೊವ್ನಾ ಸತ್ತ ಚಳಿಗಾಲ ವಾರಕ್ಕೊಮ್ಮೆ ಬಂದು, ಏನೂ ಮಾತಾಡದೆ, ಅವಳ ಅಡುಗೆಮನೆಯ ಪಾತ್ರೆ ತೊಳೆದು ಹೋಗುತ್ತಿದ್ದಳು. ಅದೇ ಇಂಗಾ ಕಾಫಿಪುಡಿಯ ಪೊಟ್ಟಣ ಬುಟ್ಟಿಗೆ ಹಾಕಿಕೊಳ್ಳುತ್ತ, "ಈ ನವೆಂಬರ್ ಕೆರೆ ಮೇಲೆ ಮೊದಲು ಕ್ಲೆಮೆತ್ ಹೋಗ್ಲಿ ಅಂತ ಮಾತಾಯ್ತು. ಉಳಿದ ಮನೆಯವರೆಲ್ಲ ಒಪ್ಪಿದ್ರು. ಆರು ವರ್ಷ ಆಯ್ತಲ್ಲ ಸುನ್ನಾ, ಸಾಕಲ್ವಾ" ಎಂದಳು.

"ನನ್ನನ್ನ ಯಾರೂ ಕೇಳ್ಲಿಲ್ಲ."

"ಕೇಳಿದ್ರೆ ಏನಂತಿದ್ದೆ ಅನ್ನೋದು ಎಲ್ರಿಗೂ ಗೊತ್ತಲ್ಲವ್ವ."

ಒಂದೇ ಹಿಂಡನ್ನು ಕಾಯುವ ಆರು ಮನೆಗಳು. ಚೋಲ್ಮಿ ಕೆರೆ ಹೊಸದಾಗಿ ಹೆಪ್ಪುಗಟ್ಟಿದಾಗ ಒಬ್ಬ ತನ್ನ ಹಿಮಗಾಡಿಯಲ್ಲಿ, ಹಿಂದೆ ಜಾರುಬಂಡಿಯ ಭಾರವಿಲ್ಲದೆ, ಹಗುರಾಗಿ, ಮೊದಲು ದಾಟುತ್ತಾನೆ. ಮಂಜುಗಡ್ಡೆ ಗಟ್ಟಿಯಿದ್ದಲ್ಲಿ ಅವನು ಏನೂ ಮಾಡುವುದಿಲ್ಲ. ತೆಳುವಿದ್ದಲ್ಲಿ ಎರಡು ಬರ್ಚ್ ಮರದ ಕೋಲನ್ನು ಅಡ್ಡಡ್ಡ ಸಿಕ್ಕಿಸಿ, ಬಳಸಿ ಹೋಗುತ್ತಾನೆ. ಹಿಂದೆ ಭಾರ ಎಳೆದುಕೊಂಡು ಬರುವವರು ತಮ್ಮ ಕಣ್ಣಿಗಿಂತ ಹೆಚ್ಚಾಗಿ ಕೋಲನ್ನು ನಂಬುತ್ತಾರೆ. ಅಡ್ಡಕೋಲು ಕಾಣದಿದ್ದರೆ ದಾರಿ ಗಟ್ಟಿ ಎಂದೇ ಅರ್ಥ. ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಅಜ್ಜಂದಿರ ಕಾಲದಿಂದ ಇರಲಿಲ್ಲ. ಆರು ವರ್ಷದ ಹಿಂದಿನ ಆ ನವೆಂಬರ್‌ನಲ್ಲಿ ಮೊದಲು ಹೋದವನು ಕ್ಲೆಮೆತ್. ಅರ್ಧ ಗಂಟೆಯ ಮೇಲೆ ಹಿಂದೆ ಹೋದವನು ಅವನ ಅಣ್ಣ ಯೊವ್ನಾ. ಎರಡು ಗುಡ್ಡಗಳ ನಡುವೆ ಕೆರೆ ಇಕ್ಕಟ್ಟಾಗುವಲ್ಲಿ ಅಡಿಯ ನೀರು ಹರಿಯುತ್ತದೆ, ಮಂಜುಗಡ್ಡೆ ಅಲ್ಲಿ ಕಿಟಕಿಯ ಗಾಜಿನಷ್ಟೇ ದಪ್ಪ. ಕೋಲು ಇರಲಿಲ್ಲ. ಯೊವ್ನಾ ನೆಟ್ಟಗೆ ಹೋದ.

ಹೆಣ ಸಿಕ್ಕ ಮೇಲೆ, ಚರ್ಚಿನ ಅಂಗಳದಲ್ಲಿ, ಎಲ್ಲರೂ ಕಪ್ಪು ಶಾಲು ಹೊದ್ದು ನಿಂತಿದ್ದಾಗ ಅವಳೇ ಕೇಳಿದ್ದಳು, ಕೂಗದೆ, ಉಪ್ಪು ಇದೆಯಾ ಎಂದು ಕೇಳುವ ದನಿಯಲ್ಲಿ. "ಅಡ್ಡಕೋಲು ಇಟ್ಟಿದ್ಯಾ ಕ್ಲೆಮೆತ್?" ಅವನು ಅವಳನ್ನೇ ನೋಡಿದ. ತುಂಬ ಹೊತ್ತು ನೋಡಿದ. "ಇಲ್ಲ" ಎಂದ. "ಯಾಕೆ?" ಮತ್ತೆ ಅದೇ ನೋಟ. ಆಮೇಲೆ ಟೊಪ್ಪಿಯನ್ನು ಕೈಯಲ್ಲಿ ಹಿಂಡುತ್ತ, "ಮರೆತೆ" ಎಂದ. ಯಾರೋ ಮುದುಕಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಂದಿನಿಂದ ಯಾರೂ ಅವನನ್ನು ಮೊದಲು ಕಳಿಸಲಿಲ್ಲ. ಹಿಂಡಿನ ಬಾಲಕ್ಕೆ, ಹೆಂಗಸರು ಮಕ್ಕಳ ಬಂಡಿಗಳಿಗಿಂತ ಹಿಂದೆ, ಅವನು ಬರುತ್ತಿದ್ದ. ಸುನ್ನಾಳಿಗೆ ಅಷ್ಟು ಸಾಕಾಗಿರಲಿಲ್ಲ. ಅವನು ಬಂದಾಗಲೆಲ್ಲ ಹಿಡಿ ಮುರಿದ ಬಟ್ಟಲಲ್ಲೇ ಕಾಫಿ ಕೊಡುತ್ತಿದ್ದಳು. ಬೇರೆಯವರ ಕಾಫಿಗೆ ಹಾಕುವ ಗಿಣ್ಣಿನ ತುಂಡು ಅವನದಕ್ಕೆ ಹಾಕುತ್ತಿರಲಿಲ್ಲ. ಹೊರಡುವಾಗ, ಅಂಗಡಿಯಲ್ಲಿರಲಿ, ಚರ್ಚಿನಲ್ಲಿರಲಿ, ನಾಲ್ಕು ಜನರ ಮುಂದೆ, ನಗುತ್ತ, "ಏನೂ ಮರೀಲಿಲ್ಲ ತಾನೆ ಕ್ಲೆಮೆತ್?" ಎನ್ನುತ್ತಿದ್ದಳು. ಜನ ಮೊದಮೊದಲು ತಲೆ ತಗ್ಗಿಸಿದರು, ಆಮೇಲೆ ನಕ್ಕರು, ಈಗೀಗ ಅದು ಅವನ ಅಡ್ಡಹೆಸರಿನಂತಾಗಿ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅವನು ಮಾತ್ರ ಪ್ರತಿ ಸಲ ಬಾಗಿಲಲ್ಲಿ ನಿಂತು ಆ ಮಾತು ಬರುವವರೆಗೆ ಕಾದು, ಬಂದ ಮೇಲೆ, "ಇಲ್ಲ ಅತ್ತಿಗೆ" ಎಂದು ಹೋಗುತ್ತಿದ್ದ. ಅಕ್ಟೋಬರಿನಲ್ಲಿ ಗಾಡಿ ಒಯ್ಯಲು ಬಂದಾಗ ಒಂದು ಚೀಲ ಸಣ್ಣಗೆ ಸೀಳಿದ ಬರ್ಚ್ ಪುರುಳೆ ತಂದಿಡುತ್ತಿದ್ದ, ಬೇಸಿಗೆಯಿಡೀ ಒಣಗಿಸಿದ್ದು. ಬರ್ಚ್ ಕೋಲು ನೆಡಲು ಮರೆತವನು ಬರ್ಚ್ ಪುರುಳೆಯನ್ನೇ ತಂದು ಕೊಡುವ ನಾಚಿಕೆಗೇಡಿತನಕ್ಕೆ ಅವಳು ಬೆರಗಾಗಿದ್ದಳು. ಆದರೂ ತೆಗೆದುಕೊಳ್ಳುತ್ತಿದ್ದಳು. ಚೆನ್ನಾಗಿ ಉರಿಯುತ್ತಿತ್ತು.

ಹಿಡಿಕೆಯ ಹತ್ತಿರ ಬಗ್ಗಿ ಹೆಬ್ಬೆರಳಿನ ಆಕ್ಸಿಲರೇಟರ್ ಒತ್ತಿ ಬಿಟ್ಟಳು. ಹಿಂದಕ್ಕೆ ಬಂತು. ಇನ್ನೊಮ್ಮೆ ಪೂರ್ತಿ ಒತ್ತಿ ಬಿಟ್ಟಳು. ಬರುವಾಗ ಒಂದು ಕ್ಷಣ ಏನೋ ಹಿಡಿದಂತಾಗಿ ಬಿಟ್ಟಿತು. ಕವಚ ಬಿಚ್ಚಿ ಕೇಬಲ್ಲನ್ನು ಬೆಳಕಿಗೆ ಹಿಡಿದಳು. ಹೆಣೆದ ಉಕ್ಕಿನ ಎಳೆಗಳಲ್ಲಿ ಎರಡು ಕಡಿದು, ಮೀನಿನ ಮುಳ್ಳಿನಂತೆ ಹೊರಗೆ ಚಾಚಿದ್ದವು. ಈಗ, ಈ ಮೇ ತಿಂಗಳ ಬಿಸುಪಿನಲ್ಲಿ, ಅದು ಹಿಂದಕ್ಕೆ ಬರುತ್ತದೆ. ನವೆಂಬರಿನ ಚಳಿಯಲ್ಲಿ, ಬೇಸಿಗೆಯ ತುಕ್ಕು ಕುಡಿದ ಕೊಳವೆಯೊಳಗೆ, ಆ ಎರಡು ಮುಳ್ಳು ಕಚ್ಚಿಕೊಂಡರೆ ಬಿಡುವುದಿಲ್ಲ. ಹೆಬ್ಬೆರಳು ಬಿಟ್ಟರೂ ಗಾಡಿ ಓಡುತ್ತಲೇ ಇರುತ್ತದೆ. ಗೋಡೆಯ ಮೊಳೆಗೆ ಹೊಸ ಕೇಬಲ್ಲು ತೂಗುತ್ತಿತ್ತು, ಕೈಗೆಟುಕುವಷ್ಟರಲ್ಲಿ. ಅವಳು ಎದ್ದು ಹೋಗಿ ಅದನ್ನು ಮುಟ್ಟಿದಳು, ತೆಗೆಯಲಿಲ್ಲ. ತಾನೇನೂ ಮಾಡಬೇಕಾಗಿಲ್ಲ. ಒಂದು ತಿರುಪನ್ನೂ ಸಡಿಲಿಸಬೇಕಾಗಿಲ್ಲ, ಏನನ್ನೂ ಕತ್ತರಿಸಬೇಕಾಗಿಲ್ಲ. ಅವನು ಏನು ಮಾಡಿದ್ದ? ಏನೂ ಮಾಡಿರಲಿಲ್ಲ. ಮಾಡಬೇಕಾದ್ದನ್ನು ಮಾಡಿರಲಿಲ್ಲ, ಅಷ್ಟೆ. ತಾನೂ ಅಷ್ಟೆ. ಕವಚ ಮುಚ್ಚಿ, ಮೂರು ತಿರುಪು ಬಿಗಿದು, ಬಟ್ಟೆ ಹೊದಿಸಿಬಿಟ್ಟರೆ ನವೆಂಬರು ತಾನಾಗಿ ಬರುತ್ತದೆ. ಎಲ್ಲರೂ ದಡದಲ್ಲಿ ನಿಂತಿರುತ್ತಾರೆ. ಅವನು ಆರು ವರ್ಷಗಳ ಮೇಲೆ ಮೊದಲಿಗನಾಗಿ ಹೊರಡುತ್ತಾನೆ. ಇಕ್ಕಟ್ಟು ಹತ್ತಿರವಾದಾಗ ಹೆಬ್ಬೆರಳು ಬಿಡುತ್ತಾನೆ. ಗಾಡಿ ಕೇಳುವುದಿಲ್ಲ. ಎಂಜಿನ್ನು ಆರಿಸುವ ಕೆಂಪು ಗುಂಡಿ ಇದೆ, ಆದರೆ ದಪ್ಪ ಕೈಗವಸಿನ ಕೈ ಮೊದಲು ಹೆಬ್ಬೆರಳನ್ನೇ ನಂಬುತ್ತದೆ, ಬ್ರೇಕನ್ನು ಹುಡುಕುತ್ತದೆ, ಗುಂಡಿ ನೆನಪಾಗುವುದು ಮೂರನೆಯದಾಗಿ. ಅವನ ಬೆನ್ನು ಸಣ್ಣದಾಗುತ್ತ ಹೋಗುವುದನ್ನು ಅವಳು ಕಂಡಳು. ಒಂದೊಂದು ವಿವರವನ್ನೂ ಅವಸರವಿಲ್ಲದೆ ಕಂಡಳು. ದಡದಲ್ಲಿ ತಾನು ಹಸಿರು ಶಾಲು ಹೊದ್ದು ನಿಂತಿರುತ್ತೇನೆ ಎಂಬುದನ್ನೂ.

ಕವಚ ಮುಚ್ಚಿದಳು. ಮೊದಲ ತಿರುಪು ಬಿಗಿದಳು. ಎರಡನೆಯದನ್ನು ಬೆರಳಲ್ಲಿ ಹಿಡಿದುಕೊಂಡಾಗ ಸೀಟಿನ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಮುಟ್ಟಬೇಡಿ ಎಂದಿದ್ದ. ಹಾಗಾದರೆ ಅಲ್ಲಿ ಅವನಿಗೆ ವಿರುದ್ಧವಾದದ್ದು ಏನೋ ಇರಬೇಕು. ಈಗ ಮಾಡುತ್ತಿರುವುದಕ್ಕೆ ಇನ್ನೊಂದು ಕಾರಣ ಸಿಕ್ಕರೆ ಒಳ್ಳೆಯದೇ ಎನ್ನಿಸಿತು. ಹೆಂಡದ ಬಾಟಲಿ, ಕದ್ದ ಮರಿಯ, ಒಡೆಯನ ಗುರುತಿರುವ, ಕತ್ತರಿಸಿದ ಕಿವಿ, ಏನಾದರೂ. ಸೀಟು ಎತ್ತಿದಳು. ಬದಲಿ ಬೆಲ್ಟು, ಪ್ಲಗ್ಗಿನ ಸ್ಪ್ಯಾನರು, ಒಣಮಾಂಸದ ಚೂರು ಸುತ್ತಿದ ಕಾಗದ. ಎಲ್ಲಕ್ಕಿಂತ ಅಡಿಯಲ್ಲಿ, ಉಣ್ಣೆಯ ಕಾಲುಚೀಲವೊಂದರಲ್ಲಿ ಮಡಿಸಿಟ್ಟ, ಮೀನುಗಾರರ ನೀಲಿ ಹಗ್ಗದ ಒಂದು ಕುಣಿಕೆ. ಖಾಲಿ ಕುಣಿಕೆ. ಗಂಟು ಹಾಗೇ ಇತ್ತು. ಉಲ್ಟಾ ತಿರುವಿದ, ಬಲಗೈಯವರಿಗೆ ಬಾರದ ಗಂಟು.

ಅದು ಯೊವ್ನಾನ ಗಂಟು.

ಅವಳು ಮರದ ಪೆಟ್ಟಿಗೆಯ ಮೇಲೆ ಕುಳಿತಳು. ಆ ಬೆಳಗಿನ ನೆನಪು ಅವಳಲ್ಲಿ ಯಾವಾಗಲೂ ಯೊವ್ನಾನ ಗಾಡಿ ಅಂಗಳ ದಾಟುವಲ್ಲಿಂದ ಆರಂಭವಾಗುತ್ತಿತ್ತು. ಅದಕ್ಕಿಂತ ಹಿಂದೆ ಒಂದು ಮುಚ್ಚಿದ ಬಾಗಿಲು, ಅದನ್ನು ತಳ್ಳಿ ನೋಡಿದವಳಲ್ಲ. ಈಗ ಹಗ್ಗ ಮಡಿಲಲ್ಲಿತ್ತು, ಬಾಗಿಲು ಯಾರೂ ತಳ್ಳದೆ ತೆರೆದುಕೊಂಡಿತು. ಹಿಂದಿನ ಸಂಜೆ ಯೊವ್ನಾ ಒಂದು ಡಜನ್ ಒಣ ಬರ್ಚ್ ಕೋಲು ಆರಿಸಿ, ನೀಲಿ ಹಗ್ಗದಲ್ಲಿ ಬಿಗಿದು, ತಮ್ಮನ ಗಾಡಿಯ ಹಿಂದೆ ಕಟ್ಟಿದ್ದ. ರಾತ್ರಿ ಹಿಮ ಕಲೆತ ಮಳೆ. ಬೆಳಿಗ್ಗೆ ಕಟ್ಟಿಗೆಯೆಲ್ಲ ಒದ್ದೆ. ಒಲೆ ಊದಿ ಊದಿ ಕಣ್ಣಲ್ಲಿ ನೀರು. ಒಳಗೆ ಯೊವ್ನಾ ಕಾಲು ಚಾಚಿ ಕುಳಿತು, ಕಾಫಿ ಆಯ್ತಾ, ಕಾಫಿ ಆಯ್ತಾ. ಅವಳು ಹೊರಗೆ ಬಂದಳು, ತಾಡಪಾಲಿನ ಕೆಳಗೆ ಒಣಗಿದ್ದ ಒಂದೇ ಒಂದು ಕಟ್ಟು ಕಂಡಿತು, ಕುಣಿಕೆಯಿಂದ ನಾಲ್ಕು ಎಳೆದುಕೊಂಡಳು. ಸಾಲಲಿಲ್ಲ, ಮತ್ತೆ ನಾಲ್ಕು. ಮೂರನೆಯ ಸಲ ಬಂದಾಗ ಗಾಡಿಗೆ ಪೆಟ್ರೋಲು ತುಂಬುತ್ತಿದ್ದ ಕ್ಲೆಮೆತ್ ತಲೆ ಎತ್ತಿದ್ದ.

"ಅತ್ತಿಗೆ, ಅವು ನನ್ನ ಕೋಲು."

"ನಿಮ್ಮಣ್ಣಂಗೆ ಕಾಫಿ ಬೀಳದೆ ಕಾಲು ಏಳಲ್ಲ. ದಾರೀಲಿ ನಾಲ್ಕು ಮುರ್ಕೋ ಹೋಗು."

"ಮೇಲೆ ಮರ ಎಲ್ಲಿದೆ? ಮೊಣಕಾಲುದ್ದ ಪೊದೆ."

"ಹಂಗಾದ್ರೆ ನಿನ್ನ ಕಾಲನ್ನೇ ನೆಟ್ಟು ಬಾ."

ಅವನು ನಕ್ಕಿದ್ದ. ಅವಳೂ. ಅಡ್ಡ ಇಡಲು ಎರಡು ಕೋಲು ಸಾಕಾಗುತ್ತಿತ್ತು. ಎರಡನ್ನೂ ಅವಳು ಉಳಿಸಿರಲಿಲ್ಲ. ಬೆಂಕಿ ಚೆನ್ನಾಗಿ ಹೊತ್ತಿಕೊಂಡಿತ್ತು, ಕಾಫಿ ಚೆನ್ನಾಗಿತ್ತು. ಯೊವ್ನಾ ಎರಡು ಬಟ್ಟಲು ಕುಡಿದಿದ್ದ.

ಅವಳಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಮೊದಲಿನದಕ್ಕಿಂತ ದೊಡ್ಡ ಸಿಟ್ಟು, ಮತ್ತು ಅದು ಕೂಡ ಕ್ಲೆಮೆತ್‌ನ ಮೇಲೆಯೇ ಬಂತು. ಚರ್ಚಿನ ಅಂಗಳದಲ್ಲಿ ಅಷ್ಟು ಹೊತ್ತು ನೋಡುತ್ತ ನಿಂತಿದ್ದನಲ್ಲ, ಅದು ತಪ್ಪಿತಸ್ಥನ ನೋಟ ಎಂದುಕೊಂಡಿದ್ದಳು. ಅವಳಿಗೆ ನೆನಪಾಗಲಿ ಎಂದು ಅವನು ಕಾದಿದ್ದ. ನೆನಪಾಗಲಿಲ್ಲ ಎಂದು ಗೊತ್ತಾದ ಮೇಲೆ ಅವಳ ಮರೆವನ್ನು ತನ್ನದೆಂದು ಹೇಳಿ ಹೊತ್ತುಕೊಂಡ. ಯಾರು ಕೇಳಿದ್ದರು ಅವನನ್ನು? ಆರು ವರ್ಷ ಹಿಡಿ ಇಲ್ಲದ ಬಟ್ಟಲಲ್ಲಿ ಕಾಫಿ ಕುಡಿದು, ಏನೂ ಮರೀಲಿಲ್ಲ ತಾನೆ ಎಂದು ಅವಳು ಕೇಳಿದಾಗಲೆಲ್ಲ, ಇಲ್ಲ ಅತ್ತಿಗೆ ಎಂದು, ಆ ಕರುಣೆಯನ್ನು ಅವಳ ಬೆನ್ನ ಹಿಂದೆ ಕಾಲುಚೀಲದಲ್ಲಿ ಮಡಿಸಿಟ್ಟುಕೊಂಡು ಓಡಾಡಿದ್ದ. ಅವಳು ಇಷ್ಟು ವರ್ಷ ಅವನನ್ನು ಅವಮಾನಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅವನು ಅವಳಿಗೆ ಅವಮಾನಿಸಲು ಬಿಟ್ಟಿದ್ದ, ಹಟ ಮಾಡುವ ಮಗುವಿಗೆ ಬಡಿಯಲು ಅಂಗೈ ಒಡ್ಡಿದಂತೆ.

ಹೊರಗೆ ಕೆಸರಲ್ಲಿ ಬೂಟಿನ ಸದ್ದಾಯಿತು. ಕ್ಲೆಮೆತ್ ತಲೆ ಬಗ್ಗಿಸಿ ಒಳಗೆ ಬಂದ. ಎತ್ತಿದ ಸೀಟನ್ನು ನೋಡಿದ, ಅವಳ ಮಡಿಲನ್ನು ನೋಡಿದ.

"ಮುಟ್ಬೇಡಿ ಅಂದಿದ್ದೆ."

"ನನಗೆ ಯಾರಾದ್ರೂ ಬೇಡ ಅಂದ್ರೆ ನಿಲ್ಲೋಳಲ್ಲ ನಾನು. ನಿನಗೆ ಗೊತ್ತಲ್ಲ."

ಅವನು ಗೋಡೆಗೊರಗಿದ. ವಯಸ್ಸಾಗಿದೆ ಇವನಿಗೆ ಎಂದು ಅವಳಿಗೆ ಮೊದಲ ಸಲ ಕಂಡಿತು. ಕಿವಿಯ ಹತ್ತಿರ ಯೊವ್ನಾನಿಗೆ ಬರಬೇಕಾಗಿದ್ದ ನರೆ.

"ಯಾಕೆ ಹೇಳ್ಲಿಲ್ಲ?"

"ಏನನ್ನ?"

"ಕ್ಲೆಮೆತ್."

ಅವನು ಟೊಪ್ಪಿ ತೆಗೆದು ಅದರ ಒಳಗನ್ನು ಪರೀಕ್ಷಿಸಿದ, ಉತ್ತರ ಅಲ್ಲಿ ಹೊಲಿದಿದೆಯೇನೋ ಎಂಬಂತೆ. "ಹೇಳಿದ್ರೆ ನೀವು ದಿನಾ ಒಲೆ ಹೆಂಗೆ ಹಚ್ತಿದ್ರಿ ಅತ್ತಿಗೆ?"

ಒಳಗಿನ ಮೂಲೆಯಲ್ಲಿ ಶೆಡ್ಡಿನ ಸಣ್ಣ ಒಲೆ ಉರಿಯುತ್ತಿತ್ತು, ಅವನೇ ಅಕ್ಟೋಬರಿನಲ್ಲಿ ತಂದಿಟ್ಟ ಪುರುಳೆಯಿಂದ. ಅವಳು ಅತ್ತ ನೋಡಲಿಲ್ಲ.

"ನೀನು ಮಹಾತ್ಮ ಆಗ್ಬೇಡ ನನ್ನ ಮುಂದೆ."

"ಮಹಾತ್ಮ ಎಲ್ಲಿ ಬಂತು. ಇಕ್ಕಟ್ಟಿನ ಹತ್ರ ನಿಂತು ಅಣ್ಣ ಬರೋವರ್ಗೂ ಕಾಯ್ಬೇಕಿತ್ತು. ಚಳಿ ಇತ್ತು. ಕಾಲಲ್ಲಿ ಹಿಮದ ಮೇಲೆ ಗೀಟು ಎಳೆದೆ, ಅಡ್ಡಡ್ಡ. ಗಾಳಿ ಬಂದು ಅಳಿಸತ್ತೆ ಅಂತ ಗೊತ್ತಿತ್ತು. ಆದ್ರೂ ಹೋದೆ. ಅದು ನನ್ನದು." ಟೊಪ್ಪಿಯನ್ನು ಮಡಿಚಿ ಹಿಡಿದು, "ಅದನ್ನ ನಿಮಗೆ ಕೊಡಲ್ಲ" ಎಂದ.

ಅವಳು ಎದ್ದು ಕೆಟಲಿನಿಂದ ಕಾಫಿ ಬಗ್ಗಿಸಿದಳು. ಕೈ ಅಭ್ಯಾಸದಿಂದ ಹಿಡಿ ಮುರಿದ ಬಟ್ಟಲಿಗೆ ಹೋಯಿತು. ಬೇರೆ ಬಟ್ಟಲು ತೆಗೆದಳು. ಅವನು ಅದನ್ನು ನೋಡಿ, "ನಂದು ಅದು" ಎಂದು ಮುರಿದದ್ದನ್ನೇ ತೋರಿಸಿದ. "ಇದರಲ್ಲಿ ಕುಡಿದ್ರೆ ಬೇರೆಯವರ ಮನೆಗೆ ಬಂದಂಗಾಗತ್ತೆ." ಅವಳು ಅದರಲ್ಲೇ ಕೊಟ್ಟಳು. ಗಿಣ್ಣು ಹಾಕಿದಳೋ ಇಲ್ಲವೋ ಎಂದು ಅವನು ನೋಡಲಿಲ್ಲ. ಕುಡಿದು ಮುಗಿಸಿ, ತಳದಲ್ಲಿ ಮೆತ್ತಗಾಗಿ ಉಳಿದದ್ದನ್ನು ಬೆರಳಿನಿಂದ ತೆಗೆದು ತಿಂದ.

"ಕೇಬಲ್ಲು ಹೋಗಿದೆ" ಎಂದಳು ಸುನ್ನಾ. "ಎರಡು ಎಳೆ ಕಡಿದಿದೆ."

"ಗೊತ್ತಿತ್ತು. ಒಂದು ತಿಂಗಳಿಂದ ಹಿಡೀತಿದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ನೋಡ್ತೀರ ಅಂತ ಗೊತ್ತಿತ್ತು."

ಅವನು ಪೆಟ್ಟಿಗೆಯ ಸಾಮಾನು ಚೀಲಕ್ಕೆ ತುಂಬಿಕೊಂಡ. ಹಗ್ಗಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ. ಅವನು ಒತ್ತಾಯ ಮಾಡಲಿಲ್ಲ. ಬಾಗಿಲವರೆಗೆ ಹೋಗಿ, ತಿರುಗಿ, ಟೊಪ್ಪಿ ಹಾಕಿಕೊಂಡು ನಿಂತ. ಕಾಯುತ್ತಿದ್ದ. ಏನನ್ನು ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಆ ಮಾತು ಬಾಯಲ್ಲಿ ಹುಡುಕಿದಳು, ಅದು ಅಲ್ಲಿರಲಿಲ್ಲ. ಸೂರಿನ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವನೇ, "ಇಲ್ಲ ಅತ್ತಿಗೆ" ಎಂದು, ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಹೋದ.

ಅದೂ ಒಂದು ಕರುಣೆ. ಅವಳಿಗೆ ಮೈ ಉರಿಯಿತು. ಮೊಳೆಯಿಂದ ಹೊಸ ಕೇಬಲ್ಲು ಇಳಿಸಿ, ಕವಚ ಮತ್ತೆ ಬಿಚ್ಚಿ, ಹಳೆಯದನ್ನು ಕಿತ್ತೆಸೆದಳು. ಹೊಸದಕ್ಕೆ ಎಣ್ಣೆ ಬಿಟ್ಟು, ತುದಿ ಸಿಕ್ಕಿಸಿ, ಹತ್ತು ಸಲ ಒತ್ತಿ ಬಿಟ್ಟಳು. ಹತ್ತು ಸಲವೂ ತಟ್ಟನೆ ಹಿಂದಕ್ಕೆ ಬಂತು. ಬೆಲ್ಟು ಕಳಚಿ ತೂಗುಹಾಕಿದಳು. ಇಲಿ ಗೂಡು ಕಟ್ಟದಂತೆ ಸೈಲೆನ್ಸರಿನ ಬಾಯಿಗೆ ಉಕ್ಕಿನ ನಾರು ತುರುಕಿದಳು. ಮುಂಭಾಗದ ಜಾರುವ ಸ್ಕೀಗಳ ಅಡಿಗೆ ಹಲಗೆ ಕೊಟ್ಟಳು. ಒಂದೊಂದು ಕೀಲಿಗೂ ಹಳೆಯ ಗ್ರೀಸು ಹೊರಬಿದ್ದು ಹೊಸದು ಕಾಣುವವರೆಗೆ ಗ್ರೀಸು ಹೊಡೆದಳು. ಯಾವ ಗಾಡಿಗೂ ಅಷ್ಟು ಮಾಡಿರಲಿಲ್ಲ. ಪ್ರೀತಿಯಿಂದಲ್ಲ, ಇನ್ನೇನೂ ಅವನಿಗೆ ಬಿಟ್ಟುಕೊಡಬಾರದೆಂದು.

ಆಮೇಲೆ ಕೊಡಲಿ ತೆಗೆದುಕೊಂಡು ಹೊಳೆಯ ದಂಡೆಗೆ ಹೋದಳು. ಬರ್ಚ್‌ಗಳಿಗೆ ಇನ್ನೂ ಎಲೆ ಬಂದಿರಲಿಲ್ಲ. ನೆಟ್ಟನೆಯ, ಹೆಬ್ಬೆರಳು ಗಾತ್ರದ ಕೋಲುಗಳನ್ನು ಆರಿಸಿ ಕಡಿದು, ಸಿಪ್ಪೆ ಸುಲಿದು, ತೋಳಿನಲ್ಲಿ ಅಪ್ಪಿಕೊಂಡು ತಂದಳು. ಗಂಟನ್ನು ಬಿಚ್ಚಲಿಲ್ಲ. ಕುಣಿಕೆಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿದು ಕೋಲುಗಳನ್ನು ಒಂದೊಂದಾಗಿ ಅದರೊಳಗೆ ತೂರಿಸಿದಳು. ಹನ್ನೆರಡು ಹಿಡಿಸಿದವು. ಅವಳು ನಿಲ್ಲಿಸಲಿಲ್ಲ. ಹದಿಮೂರನೆಯದನ್ನು ಭುಜ ಕೊಟ್ಟು ನೂಕಿದಳು. ಹದಿನಾಲ್ಕನೆಯದು ಹೋಗಲಿಲ್ಲ, ಮರದ ಸುತ್ತಿಗೆ ತಂದು ಬಡಿದಳು. ನೀಲಿ ಹಗ್ಗ ಕಿರುಗುಟ್ಟಿ, ಹಸಿ ಮರದೊಳಕ್ಕೆ ಕಚ್ಚಿಕೊಂಡಿತು. ಕಟ್ಟನ್ನು ಗಾಡಿಯ ಹಿಂದೆ ಬಿಗಿದು, ಮೇಲೆ ಹತ್ತಿಬಟ್ಟೆ ಹೊದಿಸಿದಳು. ಬೇಸಿಗೆಯಲ್ಲಿ ಒಣಗುತ್ತವೆ, ಆದರೂ ಸಡಿಲವಾಗುವಷ್ಟು ಅಲ್ಲ. ಅದರಿಂದ ಇನ್ನು ಯಾರೂ ಕಾಫಿಗೆಂದು ಒಂದು ಕೋಲನ್ನೂ ಎಳೆದುಕೊಳ್ಳಲಾರರು. ಅವನೂ ಎಳೆದುಕೊಳ್ಳಲಾರ. ನವೆಂಬರಿನಲ್ಲಿ, ಎಲ್ಲರೂ ದಡದಲ್ಲಿ ನಿಂತು ನೋಡುತ್ತಿರುವಾಗ, ಮೊದಲು ಹೋಗಬೇಕಾದರೆ ಕ್ಲೆಮೆತ್ ಆರು ವರ್ಷ ಬಚ್ಚಿಟ್ಟುಕೊಂಡ, ತನಗೆ ಬಿಚ್ಚಲು ಬಾರದ ಅಣ್ಣನ ಗಂಟನ್ನು ತನ್ನ ಕೈಯಾರೆ ಕೊಯ್ಯಲೇಬೇಕು.